ಹೆಸರು ಯಾರ ನಾಲಿಗೆಗೆ?

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ ಹಿರೇವಡ್ಡಟ್ಟಿ ಎಂಬ ಊರಿದೆ. ಕನ್ನಡ ಬಲ್ಲವರು ಈ ಹೆಸರನ್ನು ಎಡವದೆ ಹೇಳುತ್ತಾರೆ. ಇದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಕನ್ನಡ ಬಾರದವರ ಕೈಗೆ ಕೊಟ್ಟು ನೋಡಿ. 'ಹಿರೇವದ್ದತ್ತಿ' ಎಂದಾದರೂ ಓದಿಯಾರು, 'ಹೈರ್‌ವಡಾಟಿ' ಎಂದಾದರೂ ಓದಿಯಾರು. ತಪ್ಪು ಅವರದಲ್ಲ. ಆ ಲಿಪಿಯಲ್ಲಿ ಡಕಾರಕ್ಕೂ ದಕಾರಕ್ಕೂ, ಟಕಾರಕ್ಕೂ ತಕಾರಕ್ಕೂ ಬೇರೆ ಬೇರೆ ಅಕ್ಷರಗಳಿಲ್ಲ. ಹೊರಗಿನವರು ಹೀಗೆ ಓದುತ್ತಾರೆಂದು ಊರಿನವರೇನೂ ಊರಿನ ಹೆಸರನ್ನು ಸಲೀಸಾದ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಲು ಹೊರಟಿಲ್ಲ. ಊರಿನ ಹೆಸರಿನ ವಿಷಯದಲ್ಲಿರುವ ಈ ಧೈರ್ಯ ಮಗಳ ಹೆಸರಿನ ಪ್ರಶ್ನೆ ಬಂದಾಗ ನಮ್ಮಲ್ಲಿ ಎಲ್ಲಿ ಹೋಗುತ್ತದೆ?

ಇಂದು ಮುಸ್ಲಿಮ್ ಮನೆಗಳಲ್ಲಿ ಹೆಣ್ಣುಮಗು ಹುಟ್ಟಿದರೆ ಹೆಸರಿನ ಹುಡುಕಾಟ ದೊಡ್ಡ ಕೆಲಸ. ಅಜ್ಜಿಯ ಹೆಸರಿಡುವ ಕಾಲ ಹಿಂದೆ ಬಿತ್ತು. ಮೊಬೈಲಿನಲ್ಲಿ ಅಕಾರಾದಿಯಾಗಿ ಸಾವಿರ ಹೆಸರು ಸಿಗುತ್ತವೆ, ಪಕ್ಕದಲ್ಲೇ ಅರ್ಥವೂ ಇರುತ್ತದೆ. ಅರ್ಥ ಒಳ್ಳೆಯದಿರಬೇಕೆಂಬುದು ಹಳೆಯ ಷರತ್ತು, ಅದರ ಬಗ್ಗೆ ಯಾರ ತಕರಾರೂ ಇಲ್ಲ. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. 'ಎಲ್ಲರಿಗೂ ಹೇಳಲಿಕ್ಕೆ ಬರುವಂತಿರಬೇಕು.' ಸನಾ, ಸಾರಾ, ಝೋಯಾ, ಆಲಿಯಾ, ಇನಾಯಾ ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ. ಝುಲೈಖಾ, ಖದೀಜಾ, ಹಫ್ಸಾ, ಉಮ್ಮು ಕುಲ್ಸೂಮ್ ಎನ್ನುವಾಗ ತಂದೆ ತಾಯಿ ಒಂದು ಕ್ಷಣ ಹಿಂಜರಿಯುತ್ತಾರೆ. ನಾಳೆ ಕಾಲೇಜಿನ ಹಾಜರಿಯಲ್ಲಿ, ಬೆಂಗಳೂರಿನ ಕಂಪನಿಯ ಸಂದರ್ಶನದಲ್ಲಿ ಯಾರಾದರೂ ತಡವರಿಸಿದರೆ ಮಗಳು ಮುಜುಗರ ಪಡಬಾರದು ಎಂಬ ಕಾಳಜಿ ಅದು. ಕಾಳಜಿಯನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಈ 'ಎಲ್ಲರೂ' ಅಂದರೆ ಯಾರು? ಹೆಸರಿಡುವವರು ಒಬ್ಬರು, ಅದನ್ನು ಕರೆಯುವವರು ಬೇರೊಬ್ಬರು, ಜೀವಮಾನವಿಡೀ ಹೊರುವವಳು ಆ ತೊಟ್ಟಿಲಲ್ಲಿ ಮಲಗಿರುವ ಮೂರನೆಯವಳು. ಅವಳನ್ನು ಕೇಳುವ ದಾರಿಯಿಲ್ಲ. ಆದುದರಿಂದಲೇ ಇದು ಬರೀ ಅಭಿರುಚಿಯ ಪ್ರಶ್ನೆಯಾಗಿ ಉಳಿಯದೆ ನ್ಯಾಯ ಅನ್ಯಾಯದ ಪ್ರಶ್ನೆಯೂ ಆಗುತ್ತದೆ.

ಈ ಪ್ರಶ್ನೆಯನ್ನು ಹಿರೇವಡ್ಡಟ್ಟಿಯ ಸುತ್ತಲಿನ ಸೀಮೆಯಲ್ಲಿ ನಿಂತು ಕೇಳುವುದಕ್ಕೆ ಕಾರಣವಿದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ನಾಲ್ಕು ಊರುಗಳನ್ನು ಹೆಸರಿಸುತ್ತದೆ: ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಪುಲಿಗೆರೆ ಎಂದರೆ ಇಂದಿನ ಲಕ್ಷ್ಮೇಶ್ವರ, ಕೊಪಣ ಎಂದರೆ ಇಂದಿನ ಕೊಪ್ಪಳ. ಮುಂಡರಗಿ ಸೀಮೆ ಇವೆರಡರ ನಡುವೆ ಬರುತ್ತದೆ. ಅಂದರೆ ಇದು ಕನ್ನಡದ ನಾಲಿಗೆಯ ನಟ್ಟನಡು. ಇಂತಹ ನೆಲಕ್ಕೆ ಅರಬಿ ಮತ್ತು ಫಾರ್ಸಿ ಹೆಸರುಗಳು ಬಂದು ಶತಮಾನಗಳೇ ಆದವು. ಬಂದು ಏನಾದವು ಎಂದು ನೋಡಿದರೆ ನಮ್ಮ ಇಂದಿನ ಗೊಂದಲಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಈ ಸೀಮೆಯ ಹಿರಿಯ ಹೆಣ್ಣುಮಕ್ಕಳ ಹೆಸರುಗಳನ್ನು ಕೇಳಿ: ಹುಸೇನಬಿ, ಇಮಾಂಬಿ, ಮೌಲಾಬಿ, ಕಾಸಿಂಬಿ, ಮಾಬೂಬಿ, ಖಾದರಬಿ, ರಂಜಾನಬಿ, ಜೈತುನಬಿ, ದಾವಲಬಿ. ರಂಜಾನ್ ತಿಂಗಳಲ್ಲಿ ಹುಟ್ಟಿದವಳು ರಂಜಾನಬಿ. ಮುಳಗುಂದದ ದಾವಲಮಲಿಕರ ದರ್ಗಾಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವಳು ದಾವಲಬಿ, ಗಂಡಾದರೆ ದಾವಲಸಾಬ. ಲಕ್ಷ್ಮೇಶ್ವರದ ದೂದಪೀರಾ ಅವರ ನೆನಪಿಗೆ ದೂದಪೀರಸಾಬ. ನವಲಗುಂದ ತಾಲೂಕಿನ ಯಮನೂರಿನ ಸಂತರ ಹೆಸರಿನಲ್ಲಿ ರಾಜೇಸಾಬ. ಆ ಸಂತರೋ, ಮುಸ್ಲಿಮರಿಗೆ ರಾಜಾಬಾಗಸವಾರ, ಹಿಂದೂಗಳಿಗೆ ಚಾಂಗದೇವ. ಒಬ್ಬರೇ ವ್ಯಕ್ತಿಗೆ ಎರಡು ಹೆಸರು, ಎರಡೂ ಸಲ್ಲುತ್ತವೆ.

ಹೆಸರುಗಳು ಧರ್ಮದ ಬೇಲಿ ದಾಟಿದ್ದೂ ಇಲ್ಲಿ ಸಾಮಾನ್ಯ ಸಂಗತಿ. ಫಕೀರಪ್ಪ, ಫಕೀರವ್ವ, ಹುಸೇನಪ್ಪ, ಹುಸೇನವ್ವ ಎಂಬ ಹಿಂದೂಗಳು ಈ ಭಾಗದಲ್ಲಿ ಎಷ್ಟೋ ಮಂದಿ ಇದ್ದಾರೆ. ಶಿರಹಟ್ಟಿಯಲ್ಲಿ ಮಠವೇ ಫಕೀರೇಶ್ವರ ಮಠ: ಅರಬಿಯ 'ಫಕೀರ', ಸಂಸ್ಕೃತದ 'ಈಶ್ವರ', ಎರಡಕ್ಕೂ ಕನ್ನಡದ ಬಾಯಿ. ರಹಮತ್ ತರೀಕೆರೆಯವರು ಕರ್ನಾಟಕದ ಸೂಫಿಗಳ ಮತ್ತು ಮೊಹರಂ ಆಚರಣೆಯ ಕುರಿತು ಬರೆದುದನ್ನು ಓದಿದವರಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಹಳೆಯ ಮೈಸೂರು ಕಡೆಯ ಪಹಣಿಗಳಲ್ಲಿ 'ಬಸಪ್ಪ ಬಿನ್ ಶಿವಪ್ಪ' ಎಂದು ಬರೆಯುತ್ತಿದ್ದರು. ಎರಡು ಶೈವ ಹೆಸರುಗಳ ನಡುವೆ ಕುಳಿತ ಆ 'ಬಿನ್' ಅಪ್ಪಟ ಅರಬಿ ಎಂದು ಯಾರಿಗೂ ನೆನಪಿಲ್ಲ.

ಈ ಹೆಸರುಗಳಲ್ಲಿ ಯಾವುದೂ ಅರಬಿಯಲ್ಲಿದ್ದ ಹಾಗೆಯೇ ಉಳಿದಿಲ್ಲ. ಮಹಬೂಬಾ ಮಾಬೂಬಿಯಾದಳು. ಫಾತಿಮಾ ಹಳ್ಳಿಯ ಬಾಯಲ್ಲಿ ಪಾತಿಮಾ, ಫಕೀರವ್ವ ಪಕ್ಕೀರವ್ವ. ಇದನ್ನು ಅಜ್ಞಾನ ಎನ್ನುವವರು ಹದಿಮೂರನೆಯ ಶತಮಾನದ ಕೇಶಿರಾಜನನ್ನು ನೆನೆಯಬೇಕು. ಅವನ 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತದ ಮಾತುಗಳು ಕನ್ನಡಕ್ಕೆ ಬರುವಾಗ ಹೇಗೆ ರೂಪ ಬದಲಿಸುತ್ತವೆ ಎಂಬುದಕ್ಕೆಂದೇ ಒಂದು ಪ್ರಕರಣವಿದೆ. ಯಕ್ಷ ಜಕ್ಕನಾಗುತ್ತಾನೆ, ಬ್ರಹ್ಮ ಬೊಮ್ಮನಾಗುತ್ತಾನೆ, ಶ್ರೀ ಸಿರಿಯಾಗುತ್ತಾಳೆ. ದೇವಭಾಷೆಯ ದೇವತೆಗಳಿಗೇ ಅನ್ವಯಿಸಿದ ನಿಯಮ ಅರಬಿಯಿಂದ ಬಂದ ನಮ್ಮ ಹೆಣ್ಣುಮಕ್ಕಳ ಹೆಸರಿಗೂ ಅನ್ವಯಿಸಿದೆ. ಮಹಾಪ್ರಾಣ ಕನ್ನಡದ ಆಡುಮಾತಿಗೆ ಒಗ್ಗುವುದಿಲ್ಲ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಈ ಕಾರಣಕ್ಕೆ ತಮ್ಮ ಹೆಸರನ್ನೇ 'ಶಂಕರ ಬಟ್' ಎಂದು ಬರೆದುಕೊಂಡರು. ಭಟ್ಟರು ಬಟ್ಟರಾಗಬಹುದಾದರೆ ಫಾತಿಮಾ ಪಾತಿಮಾ ಆದದ್ದರಲ್ಲಿ ಅವಮಾನವೇನು?

ಶಿಶುನಾಳ ಶರೀಫರ ತಾಯಿಯ ಹೆಸರು ಹಜ್ಜೂಮಾ. ತಂದೆ ಇಮಾಮಸಾಹೇಬರು. 1819ರಲ್ಲಿ ಹುಟ್ಟಿದ ಮಗನಿಗೆ ಅವರು ಮಹಮ್ಮದ ಶರೀಫ ಎಂದು ಹೆಸರಿಟ್ಟರು. ಹಜ್ಜೂಮಾ ಎಂಬ ರೂಪವನ್ನು ಅರಬಿ ನಿಘಂಟಿನಲ್ಲಿ ಹುಡುಕುವುದು ವ್ಯರ್ಥ. ಆದರೆ ಇಡೀ ಕನ್ನಡನಾಡು ಆ ತಾಯಿಯನ್ನು ಆ ಹೆಸರಿನಿಂದಲೇ ಗುರುತಿಸುತ್ತದೆ. ಅದನ್ನು 'ಸರಿಪಡಿಸಿ' ಬರೆಯಲು ಯಾರಾದರೂ ಹೊರಟರೆ ನಾವೇ ತಡೆಯಬೇಕು.

ಇಷ್ಟು ಹೇಳುವಾಗ ನಮ್ಮ ಕೆಲವು ಸಹೋದರರ ಆಕ್ಷೇಪ ಕಿವಿಗೆ ಬೀಳುತ್ತದೆ. ಹೆಸರು ತಪ್ಪಾಗಿ ಉಚ್ಚರಿಸಿದರೆ ಅರ್ಥವೇ ಕೆಡುವುದಿಲ್ಲವೇ? ಈಚಿನ ಎರಡು ಮೂರು ದಶಕಗಳಲ್ಲಿ ಈ ಮಾತು ಹೆಚ್ಚಾಗಿದೆ. ಮಾಬೂಬಿ, ದಾವಲಬಿ ಎಂಬ ಹೆಸರುಗಳ ಹಿರಿಯರು ತಮ್ಮ ಹೆಸರನ್ನು ಹೇಳಿಕೊಳ್ಳಲು ಮೊಮ್ಮಕ್ಕಳ ಮುಂದೆ ಸಂಕೋಚ ಪಡುವ ಸ್ಥಿತಿ ಕೆಲವೆಡೆ ಬಂದಿದೆ. ಅರ್ಥದ ಆಕ್ಷೇಪ ಪೂರ್ತಿ ನಿರಾಧಾರವಲ್ಲ. ಅರಬಿಯಲ್ಲಿ 'ಐನ್' ಅಕ್ಷರದಿಂದ ಆರಂಭವಾಗುವ ಅಲೀಮ್ ಎಂದರೆ ಬಲ್ಲವನು, 'ಅಲಿಫ್'ನಿಂದ ಆರಂಭವಾಗುವ ಅಲೀಮ್ ಎಂದರೆ ನೋವು ಕೊಡುವಂಥದ್ದು. ಕನ್ನಡದಲ್ಲಿ ಬರೆದರೆ ಎರಡೂ ಒಂದೇ.

ಹೆಣ್ಣುಮಕ್ಕಳ ಹೆಸರಿನಲ್ಲಿ ಇದಕ್ಕಿಂತ ಸೂಕ್ಷ್ಮವಾದ ಉದಾಹರಣೆ ಇದೆ. ಉಮರ್(ರ)ರ ಮಗಳೊಬ್ಬಳಿಗೆ ಆಸಿಯಾ ಎಂಬ ಹೆಸರಿತ್ತು, ಪ್ರವಾದಿ(ಸ)ಯವರು ಅದನ್ನು ಬದಲಾಯಿಸಿ ಜಮೀಲಾ ಎಂದಿಟ್ಟರು ಎಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ಆ ಆಸಿಯಾ ಎಂದರೆ ಅವಿಧೇಯಳು, ಮಾತು ಮೀರುವವಳು. ಹೆಸರು ಹೊರುವವಳ ಮನಸ್ಸನ್ನು ಅದು ನೋಯಿಸಬಾರದು ಎಂಬ ಕಾಳಜಿ ಇಲ್ಲಿ ಸ್ಪಷ್ಟ. ಆದರೆ ಇನ್ನೊಬ್ಬ ಆಸಿಯಾ ಇದ್ದಾರೆ. ಫಿರ್‌ಔನನ ಪತ್ನಿ, ವಿಶ್ವಾಸಿಗಳಿಗೆ ಮಾದರಿ ಎಂದು ಕುರ್‌ಆನ್ ಎತ್ತಿ ಹೇಳಿದ ಮಹಿಳೆ. ಹದೀಸ್‌ಗಳಲ್ಲಿ ಅವರ ಹೆಸರು ಬರುತ್ತದೆ. ಮೊದಲನೆಯ ಹೆಸರಿನಲ್ಲಿರುವುದು 'ಐನ್' ಮತ್ತು 'ಸ್ವಾದ್', ಎರಡನೆಯದರಲ್ಲಿ 'ಅಲಿಫ್' ಮತ್ತು 'ಸೀನ್'. ಅರಬರ ಕಿವಿಗೆ ಇವು ಎರಡು ಬೇರೆ ಬೇರೆ ಹೆಸರು. ನಮ್ಮ ಕನ್ನಡದ ಕಿವಿಗೂ ಉರ್ದುವಿನ ಕಿವಿಗೂ ಎರಡೂ ಆಸಿಯಾ. ಹಾಗಾದರೆ ಕರ್ನಾಟಕದಲ್ಲಿ ಆಸಿಯಾ ಎಂದು ಕರೆಸಿಕೊಳ್ಳುವ ಹುಡುಗಿಯನ್ನು ಪ್ರತಿದಿನ ಜನ 'ಅವಿಧೇಯಳೇ' ಎಂದು ಕೂಗುತ್ತಿದ್ದಾರೆಯೇ? ಹಾಗೆ ಯಾರೂ ತಿಳಿಯುವುದಿಲ್ಲ. ಇಟ್ಟವರ ಮನಸ್ಸಿನಲ್ಲಿ ಯಾವ ಆಸಿಯಾ ಇದ್ದಳೋ ಅವಳೇ ಇವಳು.

ಇನ್ನು 'ಶುದ್ಧ ಉಚ್ಚಾರ' ಎಂದು ನಾವು ಭಾವಿಸಿರುವುದೇ ಎಷ್ಟು ಶುದ್ಧ? ದಿಲ್ಲಿಯನ್ನು 1236ರಿಂದ 1240ರವರೆಗೆ ಆಳಿದ ಸುಲ್ತಾನಾ ರಜಿಯಾಳ ಹೆಸರು ಅರಬಿಯಲ್ಲಿ ರದಿಯ್ಯಾ. ರಮದಾನ್ ನಮಗೆ ರಮಝಾನ್. ಅರಬಿಯ ನಾಲ್ಕು ಬೇರೆ ಬೇರೆ ಧ್ವನಿಗಳನ್ನು ಉರ್ದು ಒಂದೇ 'ಝ'ಕಾರದಲ್ಲಿ ಮುಗಿಸುತ್ತದೆ. ನಮ್ಮ ದಖನಿಯಂತೂ 'ಕಾಫ್' ಅಕ್ಷರವನ್ನು 'ಖ' ಮಾಡಿಕೊಂಡು ಕಬ್ರಸ್ತಾನವನ್ನು 'ಖಬರಸ್ತಾನ' ಎನ್ನುತ್ತದೆ. ಕರಾವಳಿಯ ಪತ್ರಿಕೆಗಳಲ್ಲಿ ನಾವು ಝೈನಬ್, ಝಕಾತ್ ಎಂದು ಬರೆಯುತ್ತೇವೆ, ಹುಬ್ಬಳ್ಳಿ-ಗದಗ ಕಡೆ ಜೈನಬ್, ಜಕಾತ್ ಎನ್ನುತ್ತಾರೆ. (ಇದೇ ಝಕಾತ್ ಕನ್ನಡದಲ್ಲಿ 'ಜಕಾತಿ'ಯಾಗಿ ಸುಂಕದ ಕಟ್ಟೆ ಸೇರಿದ ಕಥೆ ಬೇರೆ.) ತುರ್ಕಿಯಲ್ಲಿ ಫಾತಿಮಾ ಫತ್ಮಾ, ಖದೀಜಾ ಹತಿಜೆ. ಪಶ್ಚಿಮ ಆಫ್ರಿಕದಲ್ಲಿ ಫಾತಿಮಾ ಫಾತೂ, ಆಮಿನಾ ಅಮಿನಾತಾ. ನಮ್ಮ ಕರಾವಳಿಯ ಬ್ಯಾರಿ ಮನೆಗಳಲ್ಲಿ ಪಾತುಮ್ಮ, ಐಸಮ್ಮ. ಬಷೀರರ 1959ರ ಕಾದಂಬರಿಯಲ್ಲಿ ಆಡು ಸಾಕಿದ ಪಾತುಮ್ಮ ಬಂದಳು; ಅವಳನ್ನು ಫಾತಿಮಾ ಎಂದು ತಿದ್ದಿದರೆ ಆಡೂ ಗುರುತು ಹಿಡಿಯಲಿಕ್ಕಿಲ್ಲ. ಅಬಿಸೀನಿಯಾದ ಬಿಲಾಲ್(ರ)ರಿಗೆ 'ಶ'ಕಾರ ಬರುತ್ತಿರಲಿಲ್ಲ, ಅವರ 'ಸ'ಕಾರವೇ ಅಲ್ಲಾಹನ ಬಳಿ 'ಶ'ಕಾರವೆಂದು ಎಣಿಕೆಯಾಗುತ್ತದೆ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಹದೀಸ್ ವಿದ್ವಾಂಸರು ಅದಕ್ಕೆ ಆಧಾರವಿಲ್ಲ ಎನ್ನುತ್ತಾರೆ, ನಾವು ಅದನ್ನು ಪ್ರಮಾಣವೆಂದು ಎತ್ತಿಕೊಳ್ಳಬೇಕಿಲ್ಲ. ಆದರೆ ಅರಬಿ ನಾಲಿಗೆಯಿಲ್ಲದ ಜನಸಮೂಹಗಳು ಶತಮಾನಗಳಿಂದ ಆ ಕಥೆಯನ್ನು ಏಕೆ ಬಿಟ್ಟುಕೊಟ್ಟಿಲ್ಲ ಎಂಬುದು ಅರ್ಥವಾಗುತ್ತದೆ.

ಹಾಗಾದರೆ 'ಎಲ್ಲರಿಗೂ ಹೇಳಲು ಬರುವ ಹೆಸರು' ಹುಡುಕುವವರೇ ಸರಿ ಎಂದಾಯಿತೇ? ಇಲ್ಲ. ಇಲ್ಲಿಯೇ ಒಂದು ವ್ಯತ್ಯಾಸವನ್ನು ಗಮನಿಸಬೇಕು.

ಮಾಬೂಬಿ ಎಂಬ ಹೆಸರನ್ನು ಸವೆಸಿದ್ದು ಯಾರು? ದಿನಕ್ಕೆ ಇಪ್ಪತ್ತು ಸಲ ಅವಳನ್ನು ಕೂಗಿದವರು. ತವರಿನ ತಾಯಿ, ಪಕ್ಕದ ಮನೆಯ ಗಂಗವ್ವ, ಕಳೆ ಕೀಳಲು ಜೊತೆಗೆ ಹೋದ ಹೆಂಗಸರು, ಸಾಲ ಕೊಟ್ಟ ಕಿರಾಣಿ ಅಂಗಡಿಯವನು. 'ಯಕ್ಕಾ ಮಾಬೂಬಿ, ಬರ್ತೀಯೇನ ಹೊಲಕ್ಕ?' ಎಂದು ಕರೆಯುವ ಬಾಯಿಗೆ ಆ ಹೆಸರಿನ ಮೇಲೆ ಹಕ್ಕಿದೆ. ಮನೆಯ ಹೊಸ್ತಿಲು ತುಳಿದು ತುಳಿದು ಸವೆಯುವ ಹಾಗೆ ಹೆಸರೂ ಸವೆಯುತ್ತದೆ. ಆದರೆ ಇಂದಿನ ತಂದೆ ತಾಯಿ ಹೆಸರನ್ನು ಮೊದಲೇ ಕೆತ್ತಿ ನುಣುಪು ಮಾಡುವುದು ಇಂಥವರಿಗಾಗಿ ಅಲ್ಲ. ಎಂದೂ ಕಾಣದ, ಮುಂದೆ ಕಾಣುವರೆಂಬ ಖಾತ್ರಿಯೂ ಇಲ್ಲದ ಯಾವನೋ ಅಧಿಕಾರಿಗಾಗಿ. ವಿಚಿತ್ರವೆಂದರೆ ಅಂಥ ಹೆಸರುಗಳಲ್ಲಿ ಕೆಲವನ್ನು ಮನೆಯ ಅಜ್ಜಿಗೇ ಹೇಳಲು ಬರುವುದಿಲ್ಲ. ಝೋಯಾ ಅವಳ ಬಾಯಲ್ಲಿ 'ಜೋಯಾ', ಇನಾಯಾ 'ನಾಯಾ'. ಇದು ಮುಸ್ಲಿಮರ ಮನೆಯ ಕಥೆ ಮಾತ್ರವಲ್ಲ. ಯಲ್ಲವ್ವ, ದ್ಯಾಮವ್ವ, ದುರಗವ್ವ ಎಂಬ ಹೆಸರುಗಳು ಶಾಲೆಯಲ್ಲಿ ನಗೆಪಾಟಲಾಗುತ್ತವೆ ಎಂದು ಅಂಜಿ ಮೊಮ್ಮಗಳಿಗೆ ಐಶ್ವರ್ಯಾ ಎಂದಿಟ್ಟರೆ ಯಲ್ಲವ್ವಜ್ಜಿ ಅವಳನ್ನು 'ಐಸೂರಿ' ಎಂದು ಕರೆಯುತ್ತಾಳೆ. ದೂರದವರಿಗೆ ಸುಲಭವಾಗಲಿ ಎಂದು ಹತ್ತಿರದವರಿಗೆ ಕಷ್ಟ ಮಾಡಿಕೊಂಡ ಹಾಗಾಯಿತು. ಉಚ್ಚಾರದ ಪರೀಕ್ಷೆ ನಡೆಸುವುದೇ ಆದರೆ ಮೊದಲು ಅಜ್ಜಿಯ ಬಾಯಲ್ಲಿ ನಡೆಸಬೇಕು ಎಂಬುದು ನನ್ನ ಅಭಿಪ್ರಾಯ.

ಈ ತಳಮಳ ಜಗತ್ತಿನ ಬೇರೆಡೆಯೂ ಇದೆ. ಬ್ರಿಟನ್ನಿನ ವೇಲ್ಸ್ ಪ್ರಾಂತಕ್ಕೆ ತನ್ನದೇ ಭಾಷೆಯಿದೆ. 2021ರ ಜನಗಣತಿಯಂತೆ ಅದನ್ನು ಆಡಬಲ್ಲವರು ಸುಮಾರು 5.38 ಲಕ್ಷ, ಅಲ್ಲಿನ ಜನಸಂಖ್ಯೆಯ ಶೇ. 17.8. ಉಳಿದವರೆಲ್ಲ ಇಂಗ್ಲಿಷಿನವರು. ಆ ಭಾಷೆಯಲ್ಲಿ ಒಂದು ವಿಶೇಷ ಲಕಾರವಿದೆ. ನಾಲಿಗೆಯನ್ನು 'ಲ' ಹೇಳುವ ಜಾಗದಲ್ಲಿಟ್ಟು ಗಂಟಲಿನ ನಾದವಿಲ್ಲದೆ ಬದಿಯಿಂದ ಉಸಿರು ಬಿಡಬೇಕು. ಇಂಗ್ಲಿಷಿನವರಿಗೆ ಅದು ಬರುವುದಿಲ್ಲ, ನಮ್ಮ ಳಕಾರ ಉತ್ತರದ ಕೆಲವರಿಗೆ ಬಾರದ ಹಾಗೆ. ಆದ್ದರಿಂದ ಅಲ್ಲಿನ ತಂದೆ ತಾಯಿಗೂ ಇದೇ ಚಿಂತೆ. ಹೆಣ್ಣುಮಗುವಿಗೆ ಗ್ವೆನ್‌ಲ್ಲಿಯನ್ ಎಂಬ ಹಳೆಯ ಹೆಸರಿಡಬೇಕೇ, ಅಥವಾ ನಕ್ಷತ್ರವೆಂಬ ಅರ್ಥದ 'ಸೆರೆನ್'ನಂತಹ, ಇಂಗ್ಲಿಷ್ ಬಾಯಿಗೂ ಸಲೀಸಾದ ಹೆಸರು ಸಾಕೇ?

ಈ ಗ್ವೆನ್‌ಲ್ಲಿಯನ್ ಎಂಬ ಹೆಸರಿನ ಹಿಂದೆ ಒಂದು ಕಥೆಯಿದೆ. 1282ರಲ್ಲಿ ವೇಲ್ಸಿನ ರಾಜಕುಮಾರ ಲ್ಲಿವೆಲಿನ್ ಇಂಗ್ಲಿಷ್ ಸೈನ್ಯದ ಎದುರು ಸತ್ತಾಗ ಅವನ ಮಗಳು ಇನ್ನೂ ತೊಟ್ಟಿಲ ಕೂಸು, ಹೆಸರು ಗ್ವೆನ್‌ಲ್ಲಿಯನ್. ತಾಯಿ ಅವಳನ್ನು ಹೆರುವಾಗಲೇ ತೀರಿಕೊಂಡಿದ್ದಳು. ವೇಲ್ಸಿಗೆ ಮತ್ತೆ ವಾರಸುದಾರರು ಹುಟ್ಟಬಾರದೆಂದು ದೊರೆ ಒಂದನೆಯ ಎಡ್ವರ್ಡ್ ಆ ಕೂಸನ್ನು ದೂರದ ಲಿಂಕನ್‌ಷೈರಿನ ಸೆಂಪ್ರಿಂಗ್‌ಹ್ಯಾಮ್ ಮಠಕ್ಕೆ ಕಳಿಸಿದ. 1337ರಲ್ಲಿ ಸಾಯುವವರೆಗೂ ಅವಳು ಅಲ್ಲಿಯೇ ಉಳಿದಳು. ಸುತ್ತ ತನ್ನ ತಾಯಿನುಡಿಯವರು ಯಾರೂ ಇಲ್ಲ. ಅಲ್ಲಿನ ಕಾಗದಗಳಲ್ಲಿ ಅವಳ ಹೆಸರು 'ವೆನ್ಸಿಲಿಯನ್' ಎಂದೆಲ್ಲ ದಾಖಲಾಗಿದೆ. ಇದನ್ನೂ 'ಸವೆತ' ಎನ್ನಬಹುದೇ? ನನಗೆ ಹಾಗೆ ಕಾಣುವುದಿಲ್ಲ. ಮಾಬೂಬಿಯನ್ನು ಮಾಬೂಬಿ ಎಂದವರು ಅವಳ ನೆರೆಯವರು; ಈ ಹುಡುಗಿಯ ಹೆಸರನ್ನು ಮುರಿದದ್ದು ಅವಳನ್ನು ಕೂಡಿಹಾಕಿದವರು. ಧ್ವನಿಶಾಸ್ತ್ರ ಎರಡೂ ಕಡೆ ಒಂದೇ ಇರಬಹುದು, ನ್ಯಾಯ ಒಂದೇ ಅಲ್ಲ. 2009ರಲ್ಲಿ ವೇಲ್ಸಿನ ಸ್ನೋಡೋನಿಯಾದ ಒಂದು ಶಿಖರಕ್ಕೆ ಅವಳ ಹೆಸರನ್ನಿಟ್ಟರು, ಆ ಕಷ್ಟದ ಲಕಾರದ ಸಮೇತ.

ನಮ್ಮಲ್ಲಿಗೆ ಮರಳೋಣ. ಹೆಸರಿನ ಉಚ್ಚಾರ ಕೇವಲ ಕಿವಿಯ ಸುಖದ ವಿಷಯವಾಗಿದ್ದರೆ ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ. ಗುಮಾಸ್ತ ಬರೆಯುವುದು ತನಗೆ ಕೇಳಿಸಿದ್ದನ್ನು. ಒಬ್ಬಳೇ ಹೆಂಗಸು ಪಡಿತರ ಚೀಟಿಯಲ್ಲಿ ಮಾಬೂಬಿ, ಮತದಾರರ ಪಟ್ಟಿಯಲ್ಲಿ ಮೈಬೂಬಿ, ಆಧಾರ್ ಕಾರ್ಡಿನಲ್ಲಿ ಮೆಹಬೂಬಿ, ಮಗನ ಶಾಲೆಯ ದಾಖಲೆಯಲ್ಲಿ ಮಹಬೂಬ್‌ಬಿ ಆಗುವುದು ಈ ಕಡೆ ಮಾಮೂಲು. ಹಿಂದೆ ಇದಕ್ಕೆ ನಕ್ಕು ಬಿಡಬಹುದಿತ್ತು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದು 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದ ಮೇಲೆ ನಗು ಬರುವುದಿಲ್ಲ. ಅಲ್ಲಿ ಮದುವೆಗೆ ಮುಂಚೆ ಖಾತೂನ್, ಮದುವೆಯ ನಂತರ ಬೀಬಿ ಅಥವಾ ಬೇಗಮ್ ಆದ ಹೆಣ್ಣುಮಕ್ಕಳು ತಾವಿಬ್ಬರಲ್ಲ, ಒಬ್ಬರೇ ಎಂದು ಸಾಬೀತು ಮಾಡಲು ಕಚೇರಿಯಿಂದ ಕಚೇರಿಗೆ ಅಲೆದ ಸುದ್ದಿ ಎಲ್ಲರೂ ಓದಿದ್ದೇವೆ. ಗಂಡಸಿನ ಹೆಸರು ಹುಟ್ಟಿದ ಮನೆಯಲ್ಲೇ ಉಳಿಯುತ್ತದೆ. ಹೆಣ್ಣಿನ ಹೆಸರು ಊರು ಬದಲಿಸುತ್ತದೆ, ಹೊಸ ನಾಲಿಗೆಗಳ ನಡುವೆ ಹೋಗಿ ಬೀಳುತ್ತದೆ. 2023ರ ತಿದ್ದುಪಡಿ ಜಾರಿಯಾದ ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಮತದಾರರಾಗಲು, ಇತರ ಕೆಲಸಗಳಿಗೆ ಜನನ ಪ್ರಮಾಣಪತ್ರವೇ ಮೂಲ ದಾಖಲೆ. ಅಲ್ಲಿ ಬಿದ್ದ ಅಕ್ಷರ ಜೀವನವಿಡೀ ಹಿಂಬಾಲಿಸುತ್ತದೆ.

ಆದುದರಿಂದ ಸುಲಭದ ಹೆಸರು ಹುಡುಕುವ ಪೋಷಕರಲ್ಲಿ ಒಂದು ಪಾಲು ವಿವೇಕವಿದೆ ಎಂದು ಒಪ್ಪಬೇಕು. ಆದರೆ ಇನ್ನೊಂದು ಪಾಲಿದೆ, ಅದನ್ನು ಅವರು ಬಾಯಿಬಿಟ್ಟು ಹೇಳುವುದು ಕಡಿಮೆ. 'ಹೇಳಲಿಕ್ಕೆ ಸುಲಭ' ಎಂಬ ಮಾತಿನ ಒಳಗೆ 'ತಕ್ಷಣ ಗೊತ್ತಾಗಬಾರದು' ಎಂಬ ಇನ್ನೊಂದು ಮಾತು ಅಡಗಿರುತ್ತದೆ. ಸಾರಾ, ಸಮೀರಾ, ಮೀನಾ, ತಾರಾ ಎಂದರೆ ಬಾಡಿಗೆ ಮನೆ ಕೇಳಲು ಫೋನ್ ಮಾಡಿದಾಗ ಮೊದಲ ನಿಮಿಷದಲ್ಲೇ 'ಮನೆ ಖಾಲಿ ಇಲ್ಲ' ಎಂಬ ಉತ್ತರ ಬರಲಿಕ್ಕಿಲ್ಲ. ಈ ಭಯಕ್ಕೆ ತಂದೆ ತಾಯಿಯನ್ನು ದೂರುವುದು ಕ್ರೂರವಾದೀತು. ತನ್ನ ಮಗಳಿಗೆ ಒಂದು ಬಾಗಿಲಾದರೂ ತೆರೆದಿರಲಿ ಎಂದು ಯಾವ ತಾಯಿ ಬಯಸುವುದಿಲ್ಲ? ಆದರೆ ಅದನ್ನು ಉಚ್ಚಾರದ ಪ್ರಶ್ನೆ ಎಂದು ಕರೆಯುವುದು ಬೇಡ. ಖದೀಜಾ ಎಂಬ ಮೂರಕ್ಷರ ಕನ್ನಡಿಗನಿಗೆ ನಿಜಕ್ಕೂ ಕಷ್ಟವೇ? 'ವಿಷ್ಣುವರ್ಧನ', 'ಮೃತ್ಯುಂಜಯ' ಎನ್ನುವ ನಾಲಿಗೆ ಅದು. ರಷ್ಯದ ಲೇಖಕರ ಹೆಸರುಗಳನ್ನು ತಪ್ಪಿಲ್ಲದೆ ಹೇಳುವುದು ಓದಿದವರ ಲಕ್ಷಣ ಎಂದು ತಿಳಿಯುವವರು ನಾವು. ಕಷ್ಟ ಇರುವುದು ಕೆಲವು ಸಲ ನಾಲಿಗೆಯಲ್ಲಿ, ಕೆಲವು ಸಲ ಮನಸ್ಸಿನಲ್ಲಿ.

ಹೀಗೆ ನೋಡಿದರೆ ಹೆಸರು ತಪ್ಪಾಗಿ ಹೇಳುವವರೆಲ್ಲ ಒಂದೇ ಗುಂಪಿನವರಲ್ಲ. ಪಾತಿಮಾ ಎನ್ನುವ ಅಜ್ಜಿ ಪ್ರೀತಿಯಿಂದ ಹೇಳುತ್ತಾಳೆ, ಅವಳನ್ನು ತಿದ್ದುವುದು ಅವಿವೇಕ. ಹಾಜರಿ ಪುಸ್ತಕ ಹಿಡಿದ ಮಾಸ್ತರು ಮೊದಲ ದಿನ ತಪ್ಪಿದರೆ ಅದು ಸಹಜ. ಮೂರನೆಯ ತಿಂಗಳೂ ಅದೇ ತಪ್ಪು ಮಾಡಿದರೆ ಅದು ಅಲಕ್ಷ್ಯ, ಏಕೆಂದರೆ ಅವರು ಒಮ್ಮೆ ಬಾಯಿಬಿಟ್ಟು ಕೇಳಿದ್ದರೆ ಸಾಕಿತ್ತು. ಇನ್ನು ಬೇಕೆಂದೇ ಹೆಸರನ್ನು ತಿರುಚಿ, ತರಗತಿಯನ್ನು ನಗಿಸುವವರೂ ಇದ್ದಾರೆ. ಒಬ್ಬರನ್ನೊಬ್ಬರು ಕೆಟ್ಟ ಅಡ್ಡ ಹೆಸರುಗಳಿಂದ ಕರೆಯಬಾರದೆಂದು ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯ ತಡೆಯುತ್ತದೆ. ಅಲ್ಲಿ ಆ ಮಾತು ಬರುವುದು ಒಂದು ಜನ ಇನ್ನೊಂದು ಜನವನ್ನು, ಹೆಂಗಸರು ಇತರ ಹೆಂಗಸರನ್ನು ಗೇಲಿ ಮಾಡಬಾರದು ಎಂಬುದರ ಬೆನ್ನಿಗೇ. ದಾವಲಬಿಯ ಹೆಸರನ್ನು ಕೇಳಿ ಮುಖ ಸಿಂಡರಿಸುವ ನಮ್ಮವರೂ ಆ ಸಾಲನ್ನು ಇನ್ನೊಮ್ಮೆ ಓದಿಕೊಳ್ಳುವುದು ಒಳ್ಳೆಯದು. ಹೊಸ ಕೂಸಿಗೆ ಆ ಹೆಸರು ಬೇಡವೆನಿಸಿದರೆ ಇಡಬೇಡಿ, ಎಪ್ಪತ್ತು ವರ್ಷ ಹೊತ್ತವರನ್ನು ನಾಚಿಸಬೇಡಿ.

ಹಳ್ಳಿಯವರು ಈ ಇಡೀ ತಕರಾರಿಗೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿದ್ದರು. ಕಾಗದದ ಹೆಸರು ಬೇರೆ, ಕರೆಯುವ ಹೆಸರು ಬೇರೆ. ದಾಖಲೆಯಲ್ಲಿ ಉಮ್ಮು ಕುಲ್ಸೂಮ್, ಅಂಗಳದಲ್ಲಿ ಕುಲಸುಮ್ಮಾ ಅಥವಾ ಬರೀ ಬೇಬಿ. ಎರಡೂ ಅವಳದೇ. ಕಾಗದದ ಹೆಸರನ್ನು ಯಾರಿಗೂ ಹೆದರದೆ ಇಡಬಹುದಿತ್ತು, ಏಕೆಂದರೆ ಅಂಗಳದ ನಾಲಿಗೆಗೆ ಬೇರೆ ಹೆಸರು ಕಾದಿರುತ್ತಿತ್ತು. ಇಂದು ಒಂದೇ ಹೆಸರಿನಿಂದ ಅಜ್ಜಿಯನ್ನೂ ಬೆಂಗಳೂರನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಒಲಿಸಲು ಹೊರಟಿದ್ದೇವೆ. ಅದು ಯಾವ ಹೆಸರಿಂದಲೂ ಆಗುವ ಕೆಲಸವಲ್ಲ.

ದೂರದವರ ನಾಲಿಗೆ ಕಲಿಯಲಾರದು ಎಂದು ಮೊದಲೇ ತೀರ್ಮಾನಿಸುವುದೂ ಸರಿಯಲ್ಲ. 2014ರ ನವೆಂಬರ್ 1ರಂದು ಕರ್ನಾಟಕ ಸರಕಾರ ಹನ್ನೆರಡು ನಗರಗಳ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಂತೆಯೇ ಬರೆಯಬೇಕೆಂದು ಮಾಡಿತು. ಹುಬ್ಲಿ ಹುಬ್ಬಳ್ಳಿಯಾಯಿತು, ಬೆಲ್ಗಾಂ ಬೆಳಗಾವಿಯಾಯಿತು. ರೈಲಿನ ಪ್ರಕಟಣೆಗಳೂ ವಿಮಾನ ಕಂಪನಿಗಳೂ ಕ್ರಮೇಣ ಅದನ್ನು ಅಭ್ಯಾಸ ಮಾಡಿಕೊಂಡವು. ಳಕಾರ ಎಲ್ಲರಿಗೂ ಬಂತೆಂದಲ್ಲ, ಪ್ರಯತ್ನ ಮಾಡಬೇಕು ಎಂಬುದು ಗೊತ್ತಾಯಿತು. 2025ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಬಾನು ಮುಷ್ತಾಕ್ ಎಂಬ ಹೆಸರಿಗೆ ಘೋಷಿಸಲಾಯಿತು. ಆ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬಿ ಮಾತುಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡದೆ, ಅಡಿಟಿಪ್ಪಣಿ ಕೊಡದೆ ಹಾಗೆಯೇ ಬಿಟ್ಟಿದ್ದರು. ಹಾಸನದ ಮೊಹಲ್ಲಾಗಳ ಮಾತುಗಳನ್ನು ಹೊರಗಿನ ಓದುಗರು ತಾವೇ ಎಡವುತ್ತ ಹೇಳಿಕೊಂಡು ಓದಿದರು. ಬಾನು ಎಂದರೆ ಫಾರ್ಸಿಯಲ್ಲಿ ಗೌರವಾನ್ವಿತ ಮಹಿಳೆ, ಕನ್ನಡದಲ್ಲಿ ಆಕಾಶ. ಕೆಲವು ಗುಮಾಸ್ತರು ಮಹಾಪ್ರಾಣ ಸೇರಿಸಿ 'ಭಾನು' ಎಂದು ಬರೆದು ಎಷ್ಟೋ ಮುಸ್ಲಿಮ್ ಹೆಣ್ಣುಮಕ್ಕಳನ್ನು ಸೂರ್ಯನನ್ನಾಗಿಯೂ ಮಾಡಿದ್ದಾರೆ.

ಹೆಸರಿಗಾಗಿ ಅವಸರ ಪಡುವ ಅಗತ್ಯವೂ ಇಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ ಹೆಸರಿಲ್ಲದೆಯೇ ಜನನ ನೋಂದಾಯಿಸಿ, ಹೆಸರನ್ನು ಆಮೇಲೆ ಸೇರಿಸಬಹುದು. ಅಷ್ಟರಲ್ಲಿ ಅಜ್ಜಿಯ ಬಾಯಲ್ಲಿ ಅದನ್ನು ನಾಲ್ಕಾರು ಸಲ ಹೇಳಿಸಿ ನೋಡಬಹುದು, ಯಾವ ಅಕ್ಷರಗಳಲ್ಲಿ ಬರೆಯಬೇಕೆಂದು ನಿರ್ಧರಿಸಬಹುದು, ಗುಮಾಸ್ತನಿಗೆ ಬಾಯಲ್ಲಿ ಹೇಳುವ ಬದಲು ಚೀಟಿಯಲ್ಲಿ ಬರೆದು ಕೊಡಬಹುದು. ಮುಂದಿನದು ಅವಳಿಗೆ ಸೇರಿದ್ದು. ಹದಿನಾಲ್ಕನೆಯ ವಯಸ್ಸಿನಲ್ಲಿ ತರಗತಿಯಲ್ಲಿ ಎದ್ದು ನಿಂತು ಒಬ್ಬಳು 'ಜುಲೇಕಾ ಅನ್ರಿ ಸರ್, ನಡೀತೈತಿ' ಎನ್ನಬಹುದು. ಅದೇ ಬೆಂಚಿನ ಇನ್ನೊಬ್ಬಳು 'ಹಂಗಲ್ರೀ ಸರ್, ಝುಲೈಖಾ' ಎಂದು ಬಿಡಿಸಿ ಹೇಳಿ ಕುಳಿತುಕೊಳ್ಳಬಹುದು.